ಜಕಾತಿ ಮನೆಯ ತಕರಾರು

ಶಾಂತವೀರಪ್ಪನ ಹೆಂಡತಿ ಶಿವಗಂಗಮ್ಮ ಶಿಕಾರಿಪುರದ ಪುರಸಭೆಗೆ ಮೆಂಬರಾದದ್ದು ಹೆಂಗಸರ ಮೀಸಲಾತಿಯ ದೆಸೆಯಿಂದ. ತಮ್ಮ ವಾರ್ಡು ಮಹಿಳೆಯರಿಗೆ ಹೋಯಿತೆಂದು ಗೊತ್ತಾದ ದಿನ ಶಾಂತವೀರಪ್ಪ ಸರಿಯಾಗಿ ಊಟ ಮಾಡಲಿಲ್ಲ. ತಾನೇ ನಿಲ್ಲುವವನೆಂದು ಬಿಳಿ ಜುಬ್ಬ ಬೇರೆ ಹೊಲಿಸಿಟ್ಟಿದ್ದ. ಕೊನೆಗೆ ಅವನ ತಾಯಿ ಹಾಲಮ್ಮನೇ ದಾರಿ ತೋರಿಸಿದಳು. "ಅವಳ್ನ ನಿಲ್ಸು. ಹೆಸರು ಅವಳ್ದು, ಓಡಾಟ ನಿಂದು."

ಹಾಗೇ ಆಯಿತು. ಗೆದ್ದ ದಿನ ಹಾರ ಬಿದ್ದದ್ದು ಶಾಂತವೀರಪ್ಪನ ಕೊರಳಿಗೆ. ಮೀಟಿಂಗಿಗೆ ಗಂಡ ಹೆಂಡತಿ ಇಬ್ಬರೂ ಹೋಗುತ್ತಿದ್ದರು. ಅವಳು ಮುಂದಿನ ಕುರ್ಚಿಯಲ್ಲಿ, ಅವನು ಹಿಂದಿನ ಬೆಂಚಿನಲ್ಲಿ. ಅವನು ಕೆಮ್ಮಿದರೆ ಅವಳು ಕೈ ಎತ್ತಬೇಕು. ಒಂದು ಸಲ ಅವನಿಗೆ ನಿಜವಾಗಿಯೂ ನೆಗಡಿಯಾಗಿ, ಯಾರಿಗೂ ಬೇಡದ ಚರಂಡಿಯೊಂದು ಮಂಜೂರಾಗಿಬಿಟ್ಟಿತು. ಆ ಚರಂಡಿ ಈಗಲೂ ಇದೆ. ನೀರು ಮಾತ್ರ ಅದರಲ್ಲಿ ಹರಿಯುವುದಿಲ್ಲ.

ಇವರ ಮನೆಗೆ ಗೋಡೆ ತಾಗಿದಂತೆ ಇದ್ದದ್ದು ಜಕಾತಿ ಮನೆ. ಊರಿಗೆ ಬರುವ ಗಾಡಿಗಳನ್ನು ನಿಲ್ಲಿಸಿ ಸುಂಕ ವಸೂಲಿ ಮಾಡುತ್ತಿದ್ದ ಕಾಲದ ಹೆಂಚಿನ ಕಟ್ಟಡ. ಎರಡು ದೊಡ್ಡ ಕೋಣೆ, ಮುಂದೆ ಉದ್ದನೆಯ ಜಗಲಿ, ಹಿಂದೆ ಸಣ್ಣ ಬಾವಿ. ಜಕಾತಿ ನಿಂತು ವರ್ಷಗಳಾಗಿದ್ದವು. ಊರು ಅದನ್ನು ದಾಟಿ ಬೆಳೆದು, ಸುತ್ತಲೂ ಬಡಾವಣೆಯಾಗಿ, ಮೇಷ್ಟ್ರುಗಳೂ ಗುಮಾಸ್ತರೂ ವರ್ತಕರೂ ತಾರಸಿ ಮನೆ ಕಟ್ಟಿಸಿಕೊಂಡಿದ್ದರು. ಮಾರುಕಟ್ಟೆಯಲ್ಲಿ ಭತ್ತ, ಮೆಕ್ಕೆಜೋಳದ ದಲ್ಲಾಳಿಯಾಗಿದ್ದ ಶಾಂತವೀರಪ್ಪ ಪುರಸಭೆಯ ಆ ಖಾಲಿ ಕಟ್ಟಡದಲ್ಲಿ ತನ್ನ ಖಾಲಿ ಗೋಣಿಚೀಲಗಳನ್ನು ತುಂಬುತ್ತ ಬಂದಿದ್ದ. ಅವನು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಯಾರೂ ಅವನನ್ನು ಏಕೆಂದು ಕೇಳಿರಲಿಲ್ಲ.

ತೊಂಬತ್ತೇಳನೇ ಇಸವಿಯ ಬೇಸಿಗೆ ಹತ್ತಿರವಾಗುತ್ತಿದ್ದಾಗ ಶಿವಗಂಗಮ್ಮ ಮಗಳು ಚೈತ್ರಶ್ರೀಯನ್ನು ಕರೆದುಕೊಂಡು ಸೊರಬಕ್ಕೆ ಹೊರಟಳು. ಸೊರಬ ಅವಳ ತವರು. ತಮ್ಮನ ಮಗುವಿನ ನಾಮಕರಣವಿತ್ತು. ಬೆಳಗಿನ ಬಸ್ಸು ಕೆಟ್ಟಿತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ, ಪಕ್ಕದಲ್ಲಿ ಗಂಟು ಕಟ್ಟುತ್ತಿದ್ದ ಮುದುಕಿಯೊಬ್ಬಳು, "ಎಂತ ಮಾರಾಯ್ತಿ, ಬಸ್ಸು ಇನ್ನೂ ಬರ್ಲಿಲ್ವಾ?" ಎಂದಳು. ತವರಿನ ಆ 'ಎಂತ' ಕೇಳಿ ಶಿವಗಂಗಮ್ಮನ ಮುಖ ಅರಳಿತು. ಅದೇ ಮಾತಿಗೆ ಅತ್ತೆ ಹಾಲಮ್ಮ ಅವಳನ್ನು ಮದುವೆಯಾದಾಗಿನಿಂದ ಆಡಿಕೊಳ್ಳುತ್ತಿದ್ದಳು.

"ನಿಂದು ಎಲ್ಲಾಯ್ತು ಅಜ್ಜಿ?"

"ಕ್ಯಾಸನೂರು ಕಡೆ. ಹುಲಿಯಮ್ಮ ಅಂತ. ನಮ್ಮನೆಯವ್ರು ಕೊಟ್ಟಿಗೆಗೆ ಒಣಗಿದ ದರಗೆಲೆ ತರೋಕೆ ಕಾಡಿಗೆ ಹೋದವ್ರು ಮಂಗನ ಕಾಯಿಲೆ ಹೊತ್ಕಂಡು ಬಂದ್ರು. ಅವ್ರು ಹೋದ್ಮೇಲೆ ಗದ್ದೆ ಮೈದುನಂಗೆ ಹೋಯ್ತು. ಇಲ್ಲಿ ಮಾರ್ಕೆಟ್ಟಿನಲ್ಲಿ ಬಿದ್ದ ಕಾಳು ಗುಡಿಸಿ ಕೇರ್ತೀನಿ. ಹೊಟ್ಟೆಗೇನು ಮೋಸ ಇಲ್ಲ."

"ಮತ್ತೆ ಮಲಗೋದು?"

ಹುಲಿಯಮ್ಮ ತಾನು ಕೂತಿದ್ದ ನೆಲವನ್ನು ತಟ್ಟಿ ತೋರಿಸಿದಳು. "ನಾನೊಬ್ಳೇ ಅಲ್ಲ, ಸುಮಾರು ಜನ ಇದೀವಿ. ಬೇಸಿಗೇಲಿ ಏನೂ ತೊಂದ್ರೆ ಇಲ್ಲ. ಮಳೆಗಾಲದಲ್ಲಿ ಎರಚಲು ಹೊಡೀತದೆ. ಹೋದ ಮಳೆಗಾಲದಲ್ಲಿ ಒಬ್ಬ ಮುದುಕ ಕೂತಲ್ಲೇ ಹೋದ. ಬೆಳಿಗ್ಗೆ ಕಂಡಕ್ಟರು ಎಬ್ಬಿಸಿದಾಗ ಗೊತ್ತಾತು."

ಶಿವಗಂಗಮ್ಮ ಮುದುಕಿಯ ಕಡೆ ತಿರುಗಿ ಕೂತಳು. ತನಗೇ ತಿಳಿಯದಂತೆ ಮಾತು ಹೊರಗೆ ಬಂತು. "ಮಳೆ ಬೀಳೋದ್ರೊಳಗೆ ನಿಮಗೊಂದು ಸೂರು ಮಾಡ್ಕೊಡ್ತೀನಿ ಅಜ್ಜಿ. ನಮ್ಮ ವಾರ್ಡಲ್ಲಿ ಒಂದು ಮನೆ ಖಾಲಿ ಇದೆ. ನಾನು ಮೆಂಬರು."

'ನಾನು ಮೆಂಬರು' ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಬಸ್ಸು ಹತ್ತಿದ ಮೇಲೆ ಚೈತ್ರಶ್ರೀ ತಾಯಿಯ ಕಿವಿಯಲ್ಲಿ, "ಅಪ್ಪಾಜಿ ಇನ್ನೂ ಕೆಮ್ಮೇ ಇಲ್ವಲ್ಲಮ್ಮ?" ಎಂದಳು. ಕಾಲೇಜಿಗೆ ಹೋಗುವ ಹುಡುಗಿ, ನಾಲಿಗೆ ಅಜ್ಜಿ ಹಾಲಮ್ಮನದು.

"ಸುಮ್ನಿರೇ. ಮಾತು ಕೊಟ್ಟಾಗಿದೆ," ಎಂದಳು ಶಿವಗಂಗಮ್ಮ.

ಸೊರಬದಿಂದ ಬಂದ ದಿನವೇ ಊಟಕ್ಕೆ ಬಡಿಸುತ್ತ ವಿಷಯ ತೆಗೆದಳು. ಶಾಂತವೀರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಜಕಾತಿ ಮನೆನಾ? ಅಲ್ಲಿ ನನ್ನ ಚೀಲ ಅದಾವೆ."

"ಚೀಲಕ್ಕೆ ಮಳೆ ಬಿದ್ರೆ ಒಣಗಿಸ್ಬೋದು ರೀ."

"ಗಂಗಾ, ನಿಂಗೆ ತಲೆಗಿಲೆ ಕೆಟ್ಟೈತಾ? ಇಡೀ ಬಡಾವಣೆ ನಮ್ಮನೆ ಮುಂದೆ ಬಂದು ಕುಂದ್ರತೈತೆ."

ಗೋಡೆಗೊರಗಿ ಕೂತು ಮಜ್ಜಿಗೆ ಕುಡಿಯುತ್ತಿದ್ದ ಹಾಲಮ್ಮ, "ಬಸ್‌ಸ್ಟ್ಯಾಂಡೇ ಎದ್ದು ನಮ್ಮ ಹಿತ್ತಲಿಗೆ ಬಂದಂಗಾತು. ನಾನು ಲಿಂಗಪೂಜೆ ಮಾಡೋ ಹೊತ್ನಾಗೆ ಆ ಕಡೆ ಕೆಮ್ಮು, ಕ್ಯಾಕರಿಕೆ. ಬ್ಯಾಡ ತಾಯಿ," ಎಂದಳು. "ಎಂತ ಹುಚ್ಚು ಇದು? ನೋಡು, ನನ್ನ ಬಾಯಾಗೂ ಎಂತ ಬಂತು."

ಚೈತ್ರಶ್ರೀ ನಕ್ಕಳು. ಶಿವಗಂಗಮ್ಮ ನಗಲಿಲ್ಲ. ಮಾರನೆಯ ದಿನ ಪಾತ್ರೆ ತೊಳೆದಿಟ್ಟು, ಸೀರೆ ಬದಲಾಯಿಸಿ, ಒಬ್ಬಳೇ ಪುರಸಭೆಗೆ ನಡೆದುಕೊಂಡು ಹೋಗಿ ಅರ್ಜಿ ಕೊಟ್ಟು ಬಂದಳು. ಗುಮಾಸ್ತ ಅವಳ ಹಿಂದೆ ಶಾಂತವೀರಪ್ಪ ಬರುತ್ತಾನೇನೋ ಎಂದು ಬಾಗಿಲ ಕಡೆ ನೋಡುತ್ತಲೇ ಇದ್ದ. ಆಮೇಲೆ ತೊಡಕನ್ನು ಬಿಡಿಸಿ ಹೇಳಿದ. ನಕಾಶೆಯಲ್ಲಿ ಅದು ವಾಸದ ಬಡಾವಣೆ. ಅಲ್ಲಿ ಮನೆಯಿಲ್ಲದವರ ತಂಗುದಾಣ ಮಾಡಬೇಕಾದರೆ ಜನರ ತಕರಾರು ಕರೆದು, ಸಾಮಾನ್ಯ ಸಭೆಯಲ್ಲಿ ಒಪ್ಪಿಗೆ ಪಡೆಯಬೇಕು. "ನಮ್ಮ ಸಭೆ ಪದ್ಧತಿ ನಿಮಗೆ ಗೊತ್ತಲ್ಲಮ್ಮ. ವಾರ್ಡಿನ ವಿಷಯ ಬಂದ್ರೆ ಆ ವಾರ್ಡಿನ ಮೆಂಬರ್ ಕೈ ಯಾಕಡೆ ಹೋಗುತ್ತೋ ಉಳಿದವರದ್ದೂ ಆ ಕಡೆನೇ."

ಅಂದರೆ ಎಲ್ಲವೂ ಅವಳ ಒಂದು ಕೈಯ ಮೇಲೆ ನಿಂತಿತ್ತು.

ಜಕಾತಿ ಮನೆಯ ಗೋಡೆಗೆ ನೋಟೀಸು ಅಂಟಿಸಿದ್ದೇ ತಡ, ಬಡಾವಣೆಗೆ ಬಿಸಿ ಹತ್ತಿತು. ಎದುರು ಮನೆಯ ಸದಾಶಿವಪ್ಪ ಮುಂದಾಳು. ಅವನಿಗೆ ಅಕ್ಕಿ ಮಿಲ್ಲಿತ್ತು. ಶಾಂತವೀರಪ್ಪನ ಅಂಗಡಿಗೆ ಬರುವ ಭತ್ತದಲ್ಲಿ ದೊಡ್ಡ ಪಾಲು ಹೋಗುತ್ತಿದ್ದದ್ದೇ ಆ ಮಿಲ್ಲಿಗೆ. ಅವನ ಮಗಳು ಅಶ್ವಿನಿ ಮತ್ತು ಚೈತ್ರಶ್ರೀ ಹೈಸ್ಕೂಲಿನಿಂದ ಒಟ್ಟಿಗೇ ಓಡಾಡಿದವರು. ಒಂದು ಬೆಳಿಗ್ಗೆ ಅಶ್ವಿನಿ ಕಾಯದೆ ಹೊರಟುಹೋದಳು. ಮರುದಿನವೂ ಅಷ್ಟೇ. ಚೈತ್ರಶ್ರೀ ಮನೆಗೆ ಬಂದು ಪುಸ್ತಕ ಎಸೆದು, "ಇದೆಲ್ಲ ನಿನ್ನಿಂದ!" ಎಂದು ತಾಯಿಯ ಮೇಲೆ ಕೂಗಾಡಿದಳು. ಶಿವಗಂಗಮ್ಮ ಅವಳ ಮುಂದೆ ಅವಲಕ್ಕಿ ತಟ್ಟೆ ಇಟ್ಟು, "ಹೌದು, ನನ್ನಿಂದಾನೇ. ತಿನ್ನು," ಎಂದಳು.

ಇಷ್ಟರಲ್ಲಿ ಕೊಟ್ರಮ್ಮ ಒಂದು ಸಂಜೆ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಅವಳು ಸದಾಶಿವಪ್ಪನ ಹೆಂಡತಿ. ವಾರಗಳಿಂದ ಈ ಕಡೆ ತಲೆಹಾಕದವಳು ಅಂದು ಬಲು ಪ್ರೀತಿಯಿಂದ ಕೂತಳು.

"ಅಂತೂ ಎಲ್ಲಾ ಸುಸೂತ್ರ ಆತಲ್ಲ ಗಂಗಕ್ಕ. ನಂಗಂತೂ ಎದೆಭಾರ ಇಳೀತು."

"ಏನು ಸುಸೂತ್ರ?"

"ನಿಮ್ಮನೆಯವ್ರು ನಮ್ಮನೆಯವ್ರಿಗೆ ಬೆರಳು ಹಿಡಿದ್ರಂತಲ್ಲ. ಮೀಟಿಂಗ್ನಾಗೆ ನಿಮ್ಮ ಕೈ ಏಳೋದಿಲ್ಲ ಅಂತ. ಈ ಸಲದ ಭತ್ತ ಪೂರಾ ನಿಮ್ಮಂಗಡಿಯಿಂದನೇ ತಗಂತೀನಿ ಅಂದಾರಪ್ಪ ಇವ್ರು."

ಬೆರಳು ಹಿಡಿಯುವುದೆಂದರೆ ಮಾರುಕಟ್ಟೆಯ ಹಳೆಯ ವರ್ತಕರ ಪದ್ಧತಿ. ಟವೆಲಿನ ಮರೆಯಲ್ಲಿ ಒಬ್ಬರ ಕೈಯನ್ನೊಬ್ಬರು ಹಿಡಿದು, ಬೆರಳು ಒತ್ತಿಯೇ ಧಾರಣೆ ಕುದುರಿಸುವುದು. ಬಾಯಿಂದ ಒಂದು ಮಾತೂ ಬರುವುದಿಲ್ಲ. ಸರಕಾರದ ಟೆಂಡರ್ ಪದ್ಧತಿ ಬಂದರೂ ಹಳಬರು ಇದನ್ನು ಬಿಟ್ಟಿರಲಿಲ್ಲ. ಟವೆಲಿನೊಳಗೆ ಒಪ್ಪಿದ ವ್ಯಾಪಾರವನ್ನು ಮುರಿದವನ ಅಂಗಡಿಗೆ ಆಮೇಲೆ ಯಾರೂ ಹತ್ತುವುದಿಲ್ಲ. ಇದೆಲ್ಲ ಶಿವಗಂಗಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಕೊಟ್ರಮ್ಮನಿಗೆ ಮಜ್ಜಿಗೆ ಕೊಟ್ಟು, ಬಾಗಿಲ ತನಕ ಹೋಗಿ ಕಳಿಸಿ, ಒಳಗೆ ಬಂದು ಎಣ್ಣೆಗಾಯಿಗೆ ಒಗ್ಗರಣೆ ಹಾಕಿದಳು. ಸಿಟ್ಟಿನಲ್ಲಿ ಸಾಸಿವೆ ಒಲೆಯ ಸುತ್ತ ಚೆಲ್ಲಿತು.

ಊಟಕ್ಕೆ ಕೂತಾಗ ಕೇಳಿದಳು. "ರೀ, ಒಬ್ಬ ರೈತ ನಿಮ್ಮ ಅಂಗಡಿಗೆ ಭತ್ತ ತಂದು ಹಾಕ್ತಾನೆ. ಅವನ್ನ ಕೇಳದೆ ನೀವು ಬೆರಳು ಹಿಡಿದು ಮಾರಿಬಿಡ್ತೀರಾ?"

"ಛೇ, ಎಲ್ಲಾದ್ರೂ ಉಂಟಾ? ರೈತ ಹೂಂ ಅನ್ನದೆ ತೂಕಕ್ಕೇ ಹಾಕಂಗಿಲ್ಲ. ಮಾಲಿನ ಧಣಿ ಅವನು. ನಾವು ದಲ್ಲಾಳಿಗಳು."

"ಮತ್ತೆ ನನ್ನ ಕೈಯನ್ನ ಯಾರನ್ನ ಕೇಳಿ ಮಾರಿದ್ರಿ?"

ಶಾಂತವೀರಪ್ಪ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಚೈತ್ರಶ್ರೀ ನೀರಿನ ಲೋಟ ಮುಂದೆ ತಳ್ಳಿದಳು.

"ಅದು ಹಂಗಲ್ಲ ಗಂಗಾ. ಸದಾಶಿವ ಟವೆಲ್ ಹಾಕೇಬಿಟ್ಟ. ನಾಲ್ಕು ಜನರ ಮುಂದೆ ಕೈ ಎಳ್ಕೊಳ್ಳಾಕೆ ಆಗ್ಲಿಲ್ಲ. ಮನೆ ಒಳ್ಳೇದಕ್ಕೇ ಅಲ್ವಾ..."

"ಮನೆ ಒಳ್ಳೇದಕ್ಕೆ ನನ್ನನ್ನ ಕೇಳ್ಬೋದಿತ್ತು. ನಾನು ಇಲ್ಲೇ ಇದ್ದೆ, ಇದೇ ಒಲೆ ಮುಂದೆ. ಓಟು ಬಿದ್ದಿದ್ದು ನನ್ನ ಹೆಸರಿಗೆ. ಮಾಲು ನಂದು, ನೀವು ದಲ್ಲಾಳಿ. ಧಣಿ ಒಲ್ಲೆ ಅಂತಾಳೆ. ಹೋಗಿ ಹೇಳಿ ಬನ್ನಿ."

"ಏನಂತ ಹೇಳ್ಲಿ? ಧಣಿನ ಕೇಳದೆ ಬೆರಳು ಹಿಡಿದೆ ಅಂತನಾ? ಮಾರ್ಕೆಟ್ನಾಗೆ ತಲೆ ಎತ್ತಂಗೈತಾ ಆಮೇಲೆ?"

"ಎಂತಕ್ಕೆ ಎತ್ತಬಾರ್ದು?" ಎಂದಳು ಶಿವಗಂಗಮ್ಮ. ದನಿ ಏರಿತ್ತು, ಕಣ್ಣಲ್ಲಿ ನೀರೂ ಇತ್ತು. "ನಾನು ಆ ಅಜ್ಜಿಗೆ ಮಾತು ಕೊಟ್ಟು ಬಂದೀನಿ. ನಿಮ್ಮ ಬೆರಳಿಗೆ ಇರೋ ಮರ್ಯಾದೆ ನನ್ನ ಬಾಯಿಗೆ ಇಲ್ವಾ?"

ಶಾಂತವೀರಪ್ಪ ತಾಯಿಯ ಕಡೆ ತಿರುಗಿದ. ತಂಗುದಾಣ ಬೇಡವೇ ಬೇಡ ಎಂದಿದ್ದವಳು ಅವಳು. ಇವತ್ತಾದರೂ ಸೊಸೆಯ ಬಾಯಿ ಮುಚ್ಚಿಸುತ್ತಾಳೆ ಎಂದುಕೊಂಡಿದ್ದ. ಹಾಲಮ್ಮ ತಟ್ಟೆಯಲ್ಲಿನ ಕೊನೆಯ ಅನ್ನವನ್ನು ಮಜ್ಜಿಗೆಯಲ್ಲಿ ಕಲಸಿ ಉಂಡು ಮುಗಿಸಿ, ಬಾಯಿ ಒರೆಸಿಕೊಂಡಳು.

"ಆ ಜನ ಪಕ್ಕದಾಗೆ ಬರೋದು ನಂಗೆ ಈಗಲೂ ಬ್ಯಾಡ. ಅದು ಬ್ಯಾರೆ ಮಾತು. ಆದ್ರೆ ನಿಮ್ಮಪ್ಪ ಇದ್ದಷ್ಟು ದಿನ ಧಣಿನ ಕೇಳದೆ ಒಂದು ಚೀಲ ತೂಕಕ್ಕೆ ಎತ್ತಿದವ್ರಲ್ಲ. ನಮ್ಮದಲ್ಲದ್ದನ್ನ ಮಾರೋದು ಈ ಮನೆ ವ್ಯಾಪಾರ ಅಲ್ಲ. ಅವಳು ಹೇಳಿದ್ದು ಸರಿ ಐತೆ."

ಮದುವೆಯಾಗಿ ಬಂದಾಗಿನಿಂದ ಅತ್ತೆಯ ಬಾಯಲ್ಲಿ ಶಿವಗಂಗಮ್ಮ ಆ ಮಾತು ಕೇಳಿರಲಿಲ್ಲ. ಏನು ಮಾಡಬೇಕೆಂದು ತೋಚದೆ, ಬೇಡ ಎಂದರೂ ಕೇಳದೆ ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿಬಿಟ್ಟಳು.

ಆಮೇಲಿನ ಕೆಲವು ದಿನ ಮನೆಯಲ್ಲಿ ಮಾತೇ ಇರಲಿಲ್ಲ. ಶಾಂತವೀರಪ್ಪ ಚಹಾ ಬೇಕಾದರೆ ಮಗಳಿಗೆ ಹೇಳುತ್ತಿದ್ದ, ಮಗಳು ಅಡುಗೆಮನೆಗೆ ಬಂದು, "ಧಣಿಯವರೇ, ದಲ್ಲಾಳಿಗಳಿಗೆ ಚಹಾ ಬೇಕಂತೆ," ಎನ್ನುತ್ತಿದ್ದಳು. ಶಿವಗಂಗಮ್ಮ ಚಹಾ ಮಾಡಿ ಕೊಡುತ್ತಿದ್ದಳು. ಊಟ, ಬಟ್ಟೆ, ಸ್ನಾನದ ಬಿಸಿನೀರು, ಯಾವುದಕ್ಕೂ ಕೊರತೆ ಮಾಡಲಿಲ್ಲ. ಅದೇ ಶಾಂತವೀರಪ್ಪನಿಗೆ ಹೆಚ್ಚು ಚುಚ್ಚಿತು. ಅವಳು ಉಪವಾಸ ಕೂತಿದ್ದರೆ ಅವನೂ ಜಗಳ ಆಡಬಹುದಿತ್ತು.

ಮೀಟಿಂಗಿನ ಹಿಂದಿನ ದಿನ ಟೆಂಡರ್ ಹೊತ್ತಿನಲ್ಲಿ ಅವನು ಎದ್ದು ಸದಾಶಿವಪ್ಪನ ಹತ್ತಿರ ಹೋದ. ಭತ್ತದ ರಾಶಿಗಳ ನಡುವೆ ಖರೀದಿದಾರರು, ಹಮಾಲರು, ರೈತರು ತುಂಬಿದ್ದರು. ಮರೆಯಲ್ಲಿ ಹೇಳಬಹುದಿತ್ತು. ಆದರೆ ನಾಲ್ಕು ಜನರ ಮುಂದೆ ಹಿಡಿದ ಬೆರಳನ್ನು ಮರೆಯಲ್ಲಿ ಬಿಡುವುದು ಪದ್ಧತಿಯಲ್ಲ.

"ಸದಾಶಿವ, ಮೊನ್ನೆ ಹಿಡಿದ ಬೆರಳು ವಾಪಸ್. ಧಣಿ ಒಪ್ಪಲಿಲ್ಲ."

"ಯಾವ ಧಣಿನಪ್ಪ?" ಸದಾಶಿವಪ್ಪ ಸುತ್ತ ನೋಡಿ ಜೋರಾಗಿ ನಕ್ಕ. "ನಿನ್ನ ಹೆಂಡ್ತಿನಾ?"

ಜನವೂ ನಕ್ಕರು. ಶಾಂತವೀರಪ್ಪನ ಕಿವಿ ಕೆಂಪಾಯಿತು. ಆದರೂ ಅಲ್ಲಿಂದ ಕದಲಲಿಲ್ಲ.

"ಹೌದು. ಅವಳೇ. ಮೆಂಬರ್ ಅವಳು, ಕೈ ಅವಳ್ದು. ಕೇಳದೆ ಬೆರಳು ಹಿಡಿದಿದ್ದು ನನ್ನ ತಪ್ಪು. ಇದಕ್ಕೂ ಮುಂಚೆ ಮಾಡಿಲ್ಲ, ಇನ್ನು ಮಾಡೋದೂ ಇಲ್ಲ."

ನಗು ನಿಂತಿತು. ಅಲ್ಲೇ ಕೂತಿದ್ದ ಹಿರಿಯ ದಲ್ಲಾಳಿ ಹನುಮಂತಪ್ಪ ಅಡಿಕೆ ಅಗಿಯುತ್ತ, "ಧಣಿ ಒಲ್ಲೆ ಅಂದ್ಮೇಲೆ ಮುಗೀತು ಬಿಡಪ್ಪ ಸದಾಶಿವ. ಅದ್ರಾಗೆ ಗಂಡೇನು ಹೆಣ್ಣೇನು," ಎಂದ.

"ಹಂಗಾದ್ರೆ ನಿನ್ನಂಗಡಿ ಭತ್ತ ನನ್ನ ಮಿಲ್ಲಿಗೆ ಬರೋದು ಬ್ಯಾಡ."

"ಬ್ಯಾಡ," ಎಂದ ಶಾಂತವೀರಪ್ಪ.

ನಷ್ಟ ಸಣ್ಣದೇನಲ್ಲ. ಆದರೂ ಅವತ್ತು ಮನೆಗೆ ಬಂದವನು ಕಾಲು ತೊಳೆದು ನೇರ ಅಡುಗೆಮನೆಗೆ ಹೋಗಿ, ಹೆಂಡತಿಯ ಎದುರು ಮಣೆ ಹಾಕಿಕೊಂಡು ಕೂತು, ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡು ತಿಂದ. ನಡೆದದ್ದನ್ನೆಲ್ಲ ಹೇಳಿದ. ಹನುಮಂತಪ್ಪ ಹೇಳಿದ್ದನ್ನು ಎರಡು ಸಲ ಹೇಳಿದ.

"ನಿನ್ನ ಕೈ ನಿನ್ನಿಷ್ಟ. ಆದ್ರೆ ಚೀಲ ಎಲ್ಲಿಡ್ಲಿ, ಅದನ್ನ ಹೇಳು."

"ಅದು ನಿಮ್ಮ ತಲೆನೋವು," ಎಂದಳು ಶಿವಗಂಗಮ್ಮ, ಶೇಂಗಾ ಚಟ್ನಿಗೆ ಎಣ್ಣೆ ಬಿಡುತ್ತ. ನಗು ತಡೆಯಲಾಗಲಿಲ್ಲ.

ಮೀಟಿಂಗಿನ ದಿನ ಬಡಾವಣೆಯವರೆಲ್ಲ ಬಂದು ಗೋಡೆಗುಂಟ ನಿಂತಿದ್ದರು. ಹುಲಿಯಮ್ಮ ಮತ್ತವಳ ಜೊತೆಯವರು ಪುರಸಭೆಯ ಮೆಟ್ಟಿಲ ಮೇಲೆ, ಒಳಗೆ ಬರಬಹುದೋ ಬಾರದೋ ತಿಳಿಯದೆ ಕೂತಿದ್ದರು. ಗುಮಾಸ್ತ ತಕರಾರುಗಳನ್ನು ಓದಿದ. ಕಳ್ಳತನ ಹೆಚ್ಚುತ್ತದೆ, ಕೊಳಕಾಗುತ್ತದೆ, ರೋಗ ಬರುತ್ತದೆ, ಸೈಟಿನ ಬೆಲೆ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇದು ನಕಾಶೆಯ ಪ್ರಕಾರ ವಾಸದ ಬಡಾವಣೆ. ಬೇರೆ ಉಪಯೋಗಕ್ಕೆ ಕೊಡುವಂತಿಲ್ಲ.

ಅಧ್ಯಕ್ಷರು ಅಭ್ಯಾಸಬಲದಿಂದ ಹಿಂದಿನ ಬೆಂಚಿನ ಕಡೆ ನೋಡಿದರು. "ಏನ್ರಿ ಶಾಂತವೀರಪ್ಪ, ನಿಮ್ಮ ವಾರ್ಡಿಂದು ಏನು?"

"ನನ್ನನ್ಯಾಕೆ ಕೇಳ್ತೀರಿ ಸಾರ್? ಮೆಂಬರು ಮುಂದೆ ಕುಂತಾರೆ."

ಶಿವಗಂಗಮ್ಮ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಮೊದಲೆರಡು ಮಾತು ಕೇಳಿಸಲೇ ಇಲ್ಲ; ಆಮೇಲೆ ದನಿ ಬಿಟ್ಟುಕೊಂಡಿತು.

"ವಾಸದ ಬಡಾವಣೆ ಅಂತ ತಕರಾರು. ಇವ್ರು ಅಲ್ಲಿ ಎಂತಕ್ಕೆ ಬರ್ತಿರೋದು? ಅಂಗಡಿ ಹಾಕೋಕಲ್ಲ, ಮಿಲ್ಲು ಹಾಕೋಕಲ್ಲ. ವಾಸ ಮಾಡೋಕೇ ಬರ್ತಿರೋದು. ಇಷ್ಟು ವರ್ಷ ಅದರೊಳಗೆ ಗೋಣಿಚೀಲ ತುಂಬಿತ್ತು. ಯಾರ ಚೀಲ ಅಂತ ಎಲ್ರಿಗೂ ಗೊತ್ತು, ನಮ್ಮದೇ. ಯಾರನ್ನೂ ಕೇಳದೆ ಇಟ್ಟಿದ್ವಿ, ತಪ್ಪು ನಮ್ದು. ಆದ್ರೆ ಚೀಲ ಇದ್ದಾಗ ನಮ್ಮ ಬಡಾವಣೇಲಿ ಒಬ್ರೂ ತಕರಾರು ಮಾಡ್ಲಿಲ್ಲ. ಮನುಷ್ಯರು ಬರ್ತಾರೆ ಅಂದಾಗ ಮಾಡ್ತಿದೀರಿ. ನಂಗೆ ಇದು ನಾಚಿಕೆ ಅನ್ನಿಸ್ತದೆ, ನಿಮಗೆ ಹೆಂಗೋ ಗೊತ್ತಿಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ಸದಾಶಿವಪ್ಪ ಗೋಡೆಯ ಹತ್ತಿರದಿಂದ ಕೂಗಿದ. "ನಾಳೆ ಕಳುವಾದ್ರೆ ಹೊಣೆ ಯಾರಮ್ಮ?"

"ಗೋಡೆ ತಾಗಿರೋದು ನಮ್ಮನೆಗೆ. ಕಳುವಾದ್ರೆ ಮೊದಲು ನಮ್ಮನೇಲೇ ಆಗ್ಬೇಕು. ಹೊಣೆ ನಂದು, ಬರ್ಕೊಳ್ಳಿ."

ಶಾಂತವೀರಪ್ಪ ಹಿಂದಿನಿಂದ ಎದ್ದ. ಗಂಡ ಏನೋ ಅಡ್ಡ ಹಾಕುತ್ತಾನೆಂದು ಎಲ್ಲರೂ ತಿರುಗಿದರು. "ಚೀಲ ನಾಳೆ ಖಾಲಿ ಮಾಡ್ತೀನಿ," ಎಂದು ಹೇಳಿ ಕೂತ. ಅಧ್ಯಕ್ಷರು ಮತಕ್ಕೆ ಹಾಕಿದರು. ಶಿವಗಂಗಮ್ಮ ಕೈ ಎತ್ತಿದಳು. ಬಳೆಗಳು ಮೊಣಕೈ ತನಕ ಜಾರಿದವು. ಅವಳ ಪಕ್ಕದಲ್ಲಿದ್ದ ಇನ್ನೊಬ್ಬ ಮೆಂಬರಮ್ಮ ತನ್ನ ಗಂಡನ ಕಡೆ ನೋಡದೆ ಕೈ ಎತ್ತಿದಳು. ಆಮೇಲೆ ಗಂಡಸರ ಕೈಗಳೂ ಒಂದೊಂದಾಗಿ ಎದ್ದವು. ಮಂಜೂರಾಯಿತು. ಹಿಂದಿನ ಬೆಂಚಿನಲ್ಲಿ ಪಕ್ಕದವನು, "ನಿಮ್ಮ ಮನೆಯವ್ರು ಭಾರಿ ಮಾತಾಡಿದ್ರಲ್ರಿ," ಎಂದಾಗ ಶಾಂತವೀರಪ್ಪ ಮೀಸೆ ಸವರಿಕೊಂಡು, "ಸೊರಬದವ್ಳು!" ಎಂದ. ಅದೇನು ದೊಡ್ಡ ಬಿರುದೋ ಎಂಬಂತೆ.

ಮರುದಿನ ಹಮಾಲರು ಚೀಲಗಳನ್ನು ಹೊತ್ತು ಇವರ ನಡುಮನೆಗೆ ತಂದು ಒಟ್ಟಿದರು. ಕೂರಲು ಜಾಗವಿಲ್ಲದೆ, ಬಂದವರೆಲ್ಲ ಚೀಲಗಳ ಮೇಲೇ ಕೂತು ಚಹಾ ಕುಡಿದರು. ಚೈತ್ರಶ್ರೀ ಮೂಗಿಗೆ ದುಪ್ಪಟ್ಟಾ ಕಟ್ಟಿಕೊಂಡು ಜಕಾತಿ ಮನೆಯ ಜೇಡರಬಲೆ ಹೊಡೆದಳು. ಅಶ್ವಿನಿ ಎದುರು ಮನೆಯ ಕಿಟಕಿಯಿಂದ ನೋಡುತ್ತಿದ್ದಳು, ಹೊರಗೆ ಬರಲಿಲ್ಲ. ಹಾಲಮ್ಮ ಬಾಗಿಲಲ್ಲಿ ನಿಂತು, ತಾನು ಸುಮ್ಮನೆ ಗಾಳಿಗೆ ನಿಂತದ್ದೆಂದು ಹೇಳುತ್ತಲೇ, "ಆ ಮೂಲೆ ಬಿಟ್ಟೀಯಲ್ಲೇ, ಅಲ್ಲಿ ಇಲಿ ಗೂಡೈತೆ," ಎಂದು ಕೂಗಿದಳು. ಸುಣ್ಣ ಬಳಿಯುವುದಕ್ಕೆ, ಬಾವಿಯ ರಾಟೆ ಸರಿಮಾಡುವುದಕ್ಕೆ ದಿನಗಳು ಹಿಡಿದವು. ಮುಂಗಾರಿನ ಮೊದಲ ಮೋಡ ಕಟ್ಟುವ ಹೊತ್ತಿಗೆ ಹುಲಿಯಮ್ಮ ಗಂಟಿನೊಂದಿಗೆ ಬಂದಳು, ಅವಳ ಹಿಂದೆ ಜೊತೆಯವರು. ಹಾಲಮ್ಮ ಅವತ್ತು ಸಂಜೆಯೆಲ್ಲ ಆ ಕಡೆ ಮುಖ ಹಾಕಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆಗೆ ಹೂ ಕೊಯ್ಯಲು ಹೋದವಳು ಜಕಾತಿ ಮನೆಯ ಕಿಟಕಿಯ ಹತ್ತಿರ ನಿಂತುಬಿಟ್ಟಳು. ಬಿಸಿಲು ಹೆಂಚಿನ ತನಕ ಏರಿತ್ತು. ಒಳಗೆ ಯಾರೂ ಎದ್ದಿರಲಿಲ್ಲ. ಗಾಬರಿಯಾಗಿ ಅಡುಗೆಮನೆಗೆ ಬಂದಳು.

"ಗಂಗಾ, ಏನೇ ಇದು, ಇಷ್ಟೊತ್ತಾದ್ರೂ ಒಬ್ರೂ ಎದ್ದಿಲ್ಲ?"

"ಬಸ್‌ಸ್ಟ್ಯಾಂಡಲ್ಲಿ ಮೊದಲನೇ ಬಸ್ಸಿಗೂ ಮುಂಚೆ ನೆಲಕ್ಕೆ ನೀರು ಹೊಯ್ದು ಎಬ್ಬಿಸ್ತಾರಂತೆ ಅತ್ತೆ. ಇಲ್ಲಿ ಎಬ್ಬಿಸೋರು ಯಾರೂ ಇಲ್ವಲ್ಲ, ಮಲಗಿದಾರೆ."

ಹಾಲಮ್ಮ ಹೂವಿನ ಬುಟ್ಟಿ ಹಿಡಿದುಕೊಂಡು ಮತ್ತೆ ಆ ಕಿಟಕಿಯ ಕಡೆ ಹೊರಟಳು. ಅಷ್ಟರಲ್ಲಿ ಅಂಗಳದಲ್ಲಿ ಶಾಂತವೀರಪ್ಪ ಮಾರುಕಟ್ಟೆಗೆ ಹೊರಟು ಸ್ಕೂಟರಿನ ಕಿಕ್ ಒದೆಯಲು ಕಾಲೆತ್ತಿದ. ಮುದುಕಿ ಸೆರಗು ಎತ್ತಿಕೊಂಡು ಓಡಿದಳು.

"ಏ ಶಾಂತಾ, ನಿಲ್ಲೋ! ಬುದ್ಧಿ ಐತಾ ನಿಂಗೆ? ಜನ ಮಲಗ್ಯಾರೆ ಅಲ್ಲಿ."

ಶಾಂತವೀರಪ್ಪ ತಾಯಿಯ ಮುಖ ನೋಡಿದ. ಬಾಗಿಲಲ್ಲಿ ನಿಂತ ಹೆಂಡತಿಯ ಮುಖ ನೋಡಿದ. ಆಮೇಲೆ ಸದ್ದಿಲ್ಲದೆ ಸ್ಟ್ಯಾಂಡ್ ತೆಗೆದು, ಸ್ಕೂಟರನ್ನು ರಸ್ತೆಯ ತಿರುವಿನ ತನಕ ತಳ್ಳಿಕೊಂಡು ಹೋದ.